ಬಂದೂಕಿಗೊಂದು ದುರ್ಬೀನು

ಮುಡಬಿಯಲ್ಲಿ ಮಹಾರುದ್ರಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ‘ಬಂದೂಕಿನವರ ಮನಿ’ ಎಂದು ಕೇಳಿದರೆ ರಸ್ತೆಗೆ ಅಡ್ಡ ನಿಂತ ಎಮ್ಮೆ ಕೂಡ ಆ ಕಡೆಗೆ ಕೋಡು ತಿರುಗಿಸುತ್ತಿತ್ತು. ಲಗ್ನಪತ್ರಿಕೆಯ ಮೇಲೆ ‘ಬಂದೂಕಿನವರು, ಮುಡಬಿ’ ಎಂದಷ್ಟೇ ಬರೆದಿದ್ದರೂ ಅಂಚೆಯವನು ನೆಟ್ಟಗೆ ಬಂದು ಅವನ ಕೈಗೆ ಕೊಟ್ಟು ಹೋಗುತ್ತಿದ್ದ.

ಆ ಬಂದೂಕು ಅಜ್ಜನ ಕಾಲದ್ದು, ಮತ್ತು ಬಲು ಉಪಯೋಗಿ. ಗಾಳಿ ಬೀಸಿದಾಗ ಬಾಗಿಲಿಗೆ ಅದೇ ಅಗುಳಿ. ಮಳೆಗಾಲದಲ್ಲಿ ಒದ್ದೆ ಧೋತರ ಒಣಗಿಸಲು ಅದೇ ಗಳ. ಹೊಲದ ಬದುವಿನ ಜಗಳದಲ್ಲಿ ಅದೇ ಅಳತೆಗೋಲು. ಲಗ್ನದ ಮೆರವಣಿಗೆಯಲ್ಲಿ ಅದು ಮದುಮಗನಿಗಿಂತ ಹತ್ತು ಹೆಜ್ಜೆ ಮುಂದಿರುತ್ತಿತ್ತು. ಇಷ್ಟೆಲ್ಲ ಕೆಲಸದ ನಡುವೆ ಬಿಡುವು ಸಿಕ್ಕಾಗ, ಅಂದರೆ ವರ್ಷಕ್ಕೆ ನಾಲ್ಕೈದು ಸಲ ಕಾಡುಹಂದಿಗಳು ಕಬ್ಬಿಗೋ ಶೇಂಗಾಕ್ಕೋ ನುಗ್ಗಿದಾಗ, ಅದರಿಂದ ಒಂದು ಗುಂಡನ್ನೂ ಹಾರಿಸುತ್ತಿದ್ದರು. ಹಾರಿಸುತ್ತಿದ್ದದ್ದು ಆಕಾಶಕ್ಕೆ. ಕೊರಳಲ್ಲಿ ಲಿಂಗ ಕಟ್ಟಿದ, ಇರುವೆಗೆ ಸಕ್ಕರೆ ಹಾಕುವ ಮನೆತನ ಅದು. ಅಜ್ಜ ಆಕಾಶಕ್ಕೆ ಹೊಡೆದ, ಅಪ್ಪ ಆಕಾಶಕ್ಕೆ ಹೊಡೆದ, ಆಕಾಶಕ್ಕೆ ಏನೂ ಆಗಲಿಲ್ಲ.

ಮಹಾರುದ್ರಪ್ಪನ ಕೈಗೆ ಬಂದ ಮೇಲೆ ಮಾತ್ರ ಆಕಾಶದ ಬದಲು ಪಂಚಾಯತಿಯ ನೀರಿನ ಟಾಕಿಗೆ ಗುಂಡು ತಾಗಿತು. ಎತ್ತರದ ಕಂಬಗಳ ಮೇಲೆ ಕೂತಿದ್ದ ಕರಿ ಪ್ಲಾಸ್ಟಿಕ್ ಟಾಕಿಗೆ ಬೆರಳು ಹೋಗುವಷ್ಟು ತೂತು ಬಿತ್ತು. ನಳದಲ್ಲಿ ಎಂದೂ ಸರಿಯಾಗಿ ಬಾರದ ನೀರು ಆ ತೂತಿನಿಂದ ಎರಡು ದಿನ ಧಾರಾಕಾರ ಬಂತು, ಹೆಣ್ಣುಮಕ್ಕಳು ಕೊಡ ಹಿಡಿದು ಸಾಲು ನಿಂತರು. ಅವರ್ಯಾರೂ ದೂರು ಕೊಡಲಿಲ್ಲ. ದೂರು ಕೊಟ್ಟದ್ದು ಪಂಚಾಯತಿ ಅಧ್ಯಕ್ಷರು.

ಇದು ನಡೆದದ್ದು ತೊಂಬತ್ತೆಂಟರಲ್ಲಿ. ಆ ದೂರಿನ ಫಲವಾಗಿ ಹುಮನಾಬಾದಿನಿಂದ ಇನ್‌ಸ್ಪೆಕ್ಟರ್ ಸಾಹೇಬರ ಕಾಗದ ಬಂತು. ಮುಂದಿನ ತಿಂಗಳ ಹದಿನೈದನೇ ತಾರೀಖು ಹುಮನಾಬಾದಿನ ಹೊರಗಿನ ಮೈದಾನಕ್ಕೆ ಬಂದೂಕಿನೊಡನೆ ಹಾಜರಾಗಬೇಕು. ಐವತ್ತು ಗಜ ದೂರದಲ್ಲಿ ನೀರು ತುಂಬಿದ ಗಡಿಗೆ ಇಡಲಾಗುವುದು. ಐದು ಗುಂಡಿನಲ್ಲಿ ಒಂದಾದರೂ ಅದಕ್ಕೆ ತಾಗಬೇಕು. ತಾಗದಿದ್ದರೆ ಬಂದೂಕು ಠಾಣೆಯಲ್ಲಿ ಜಮಾ.

ಮಹಾರುದ್ರಪ್ಪ ಕಾಗದವನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಓದಿದ. ಬಂದೂಕು ಹೋದರೆ ಬಂದೂಕಿನವರ ಮನೆಗೆ ಇನ್ನೇನು ಹೆಸರು? ಸಾಯುವ ಹೊತ್ತಿನಲ್ಲಿ ಅಪ್ಪ ಹೊಲದ ಮಾತೆತ್ತಲಿಲ್ಲ, ಮನೆಯ ಮಾತೆತ್ತಲಿಲ್ಲ, ಬಂದೂಕನ್ನು ಕೈಗೆ ಕೊಟ್ಟು ಕಣ್ಣು ಮುಚ್ಚಿದ್ದ. ಅಂಥದ್ದನ್ನು ಠಾಣೆಯ ಮೂಲೆಯಲ್ಲಿ ನಿಲ್ಲಿಸಿ ಬಂದು ಊರಲ್ಲಿ ಮುಖ ತೋರಿಸುವುದು ಹೇಗೆ ಎಂದು ಅವನಿಗೆ ಆ ದಿನ ರೊಟ್ಟಿ ಇಳಿಯಲಿಲ್ಲ.

ತಪ್ಪು ಯಾರದು ಎಂಬುದರಲ್ಲಿ ಮಾತ್ರ ಅವನಿಗೆ ಅನುಮಾನ ಇರಲಿಲ್ಲ. ಕೈ ನಡುಗುತ್ತಿರಲಿಲ್ಲ. ಕಣ್ಣಿನ ಮಾತಂತೂ ಎತ್ತುವಂತೆಯೇ ಇಲ್ಲ. ಅವನ ಓರಗೆಯವರೆಲ್ಲ ಮೂಗಿನ ಮೇಲೆ ಚಶ್ಮಾ ಏರಿಸಿ ಪಂಚಾಂಗ ನೋಡುವಾಗ, ಐವತ್ತೆರಡರ ಮಹಾರುದ್ರಪ್ಪ ಬರಿಗಣ್ಣಿನಿಂದ ಬೀಜದ ಪಾಕೀಟಿನ ಅಡಿಯ ಇರುವೆಯಂಥ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ದೂರದ ವಿಷಯದಲ್ಲಿ ಅವನ ನಡತೆ ಬೇರೆ. ಅವನು ಹುಲ್ಲಿನ ಬಣವೆಗೆ ಕೈ ಮುಗಿದು ‘ಶರಣ್ರಿ’ ಅಂದದ್ದನ್ನು ಜನ ಕಂಡಿದ್ದರು. ಕಟ್ಟಿಹಾಕಿದ ಎಮ್ಮೆಯ ಯೋಗಕ್ಷೇಮ ವಿಚಾರಿಸಿದ್ದನ್ನೂ ಕಂಡಿದ್ದರು. ಸಕಲ ಜೀವರಾಶಿಯಲ್ಲಿ ದೇವರನ್ನು ಕಾಣುವ ಮನುಷ್ಯ ಎಂದು ಅವನ ಮೇಲೆ ಊರಿಗೆ ಗೌರವ ಇತ್ತು.

ಹಾಗಾಗಿ ದೋಷ ಬಂದೂಕಿನದು, ಅದಕ್ಕೇ ದೂರದ್ದು ಕಾಣುತ್ತಿಲ್ಲ ಎಂದು ತೀರ್ಮಾನವಾಯಿತು. ಅದಕ್ಕೊಂದು ದುರ್ಬೀನು ಹಾಕಿಸಬೇಕು.

ಯಾವ ದುರ್ಬೀನು ಎಂದು ಕೇಳಲು ಊರಲ್ಲಿ ಒಬ್ಬನೇ ತಿಳಿದವನಿದ್ದ, ಫೌಜಿನಿಂದ ಹವಾಲ್ದಾರನಾಗಿ ನಿವೃತ್ತನಾದ ಸಂಗಪ್ಪ. ಈಗ ಮನ್ನಾಏಖೇಳ್ಳಿಯ ಒಂದು ಗೋದಾಮಿನಲ್ಲಿ ಕಾವಲಿದ್ದು, ರವಿವಾರ ಮಾತ್ರ ಊರಿಗೆ ಬರುತ್ತಿದ್ದ. ಆ ರವಿವಾರ ಮಹಾರುದ್ರಪ್ಪ ಬಂದೂಕು ಹೆಗಲಿಗೇರಿಸಿ ಅವನ ಕಟ್ಟೆಯ ಮೇಲೆ ಹೋಗಿ ಕೂತ.

“ಏನು ಹೊಡೀತೀರಿ ಅನ್ನೋದರ ಮ್ಯಾಲ ಅದ ನೋಡ್ರಿ,” ಅಂದ ಸಂಗಪ್ಪ. “ಬರೀ ದೂರದ್ದೇ ಹೊಡ್ಯಾವರಿಗೆ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಸೋದು, ಹನ್ನೆರಡು ಪಟ್ಟಿಂದು. ಹತ್ತರದ್ದೂ ಬೇಕು, ದೂರದ್ದೂ ಬೇಕು, ಎಲ್ಲಾ ಕೆಲಸಕ್ಕೂ ಆಗ್ಬೇಕು ಅನ್ನಾವರಿಗೆ ನಾಕು ಪಟ್ಟಿಂದು ಭಾಳ ಆಯ್ತು. ಹಗುರ ಇರ್ತದ, ಮಬ್ಬಿನ್ಯಾಗೂ ಬೆಳಕು ಕೊಡ್ತದ, ಅತ್ತಿತ್ತ ಅಗಲ ಕಾಣ್ತದ.”

“ಹನ್ನೆರಡು ಪಟ್ಟಿಂದು ಹಾಕಿಸಿದ್ರ?”

“ಹಂದಿ ಕಣ್ರೆಪ್ಪಿ ಒಂದೇ ಕಾಣ್ತದ್ರಿ. ಹಂದಿ ಎಲ್ಲದ ಅಂತ ಮತ್ತೊಬ್ಬರನ್ನ ಕೇಳ್ಬೇಕಾಗ್ತದ.”

ಇದು ಮಹಾರುದ್ರಪ್ಪನ ಮನಸ್ಸಿಗೆ ಬರಲಿಲ್ಲ. ಬಂದೂಕಿನವರು ಹೋಗಿ ಹೋಗಿ ನಾಲ್ಕು ಪಟ್ಟಿನದು ಹಾಕಿಸಿದರೆ ಬೀಗರ ಮುಂದೆ ತಲೆ ಎತ್ತುವುದುಂಟೇ?

“ಮೊದ್ಲ ಬರೇಗಣ್ಣೀಲೆ ಗುರಿ ಹಿಡಿದು ತೋರಸ್ರಿ,” ಅಂದ ಸಂಗಪ್ಪ. “ನಳಿಗಿ ತುದಿ ಮ್ಯಾಲ ಮಕ್ಖಿ ಕಾಣ್ತದೇನು?”

ಫೌಜಿನವರು ಬಂದೂಕಿನ ತುದಿಯ ಗುರಿ ಹಿಡಿಯುವ ಸಣ್ಣ ಗುಬುಟಿಗೆ ಮಕ್ಖಿ ಎನ್ನುತ್ತಾರೆ. ಉಳಿದವರಿಗೆ ಮಕ್ಖಿ ಎಂದರೆ ನೊಣ. ಮಹಾರುದ್ರಪ್ಪ ನಳಿಗೆಯ ತುದಿಗೆ ಅಂಗವಸ್ತ್ರ ಬೀಸಿ, “ಹಾರಿ ಹೋಯ್ತು ಬಿಡು,” ಅಂದ.

ಸಂಗಪ್ಪ ಹೈದರಾಬಾದಿನ ಒಂದು ಬಂದೂಕಿನ ಅಂಗಡಿಯ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು, ಅಂಗಡಿಯವರು ಏನು ಹೇಳುತ್ತಾರೋ ಅದನ್ನೇ ಮಾಡಿರಿ ಎಂದು ಕೈ ಮುಗಿದು, ಸಂಜೆಯ ಬಸ್ಸಿಗೆ ಮನ್ನಾಏಖೇಳ್ಳಿಗೆ ಹೊರಟುಹೋದ.

ಮರುದಿನ ಮುಂಜಾನೆ ಮಹಾರುದ್ರಪ್ಪ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋದ. ಬೂತಿನ ಬಾಗಿಲಿನ ಗಾಜು ಒಡೆದು ವರ್ಷವಾಗಿತ್ತು, ಒಳಗೆ ಮಾತಾಡಿದ್ದು ಬಸ್ಸಿಗೆ ಕಾದವರೆಲ್ಲರಿಗೂ ಕೇಳುತ್ತಿತ್ತು. ಹೈದರಾಬಾದು ದೂರ ಎಂದು ಅವನು ಕೂಗಿಯೇ ಮಾತಾಡಿದ. ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದವಳು ಅವನ ನೆರೆಮನೆಯ ಕೇಶರಬಾಯಿ, ಬಸವಕಲ್ಯಾಣಕ್ಕೆ ಬಳೆ ತರಲು ಹೊರಟವಳು.

ಇಲ್ಲಿ ಒಂದು ಮಾತು ಹೇಳಬೇಕು. ಆ ಸೀಮೆಯಲ್ಲಿ ದುರ್ಬೀನು ಎಂದರೆ ದೂರದ್ದನ್ನು ಹತ್ತಿರ ತೋರಿಸುವ ನಳಿಗೆ ಹೌದು. ಆದರೆ ದವಾಖಾನೆಯಲ್ಲಿ ಗಂಟಲಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ನೋಡುವುದಕ್ಕೂ, ಹೊಟ್ಟೆಗೆ ಸಣ್ಣ ತೂತು ಹಾಕಿ ಆಪರೇಷನ್ ಮಾಡುವುದಕ್ಕೂ ಜನ ದುರ್ಬೀನು ಹಾಕಿಸುವುದು ಎಂದೇ ಅನ್ನುತ್ತಾರೆ. ಕೇಶರಬಾಯಿ ಹಿಂದಿನ ವರ್ಷವಷ್ಟೇ ಪಿತ್ತಕೋಶದ ಹರಳಿಗೆ ದುರ್ಬೀನು ಹಾಕಿಸಿಕೊಂಡು ಬಂದಿದ್ದಳು. ಅಂದಿನಿಂದ ಊರಲ್ಲಿ ಯಾರ ಹೊಟ್ಟೆ ಗುಡುಗಿದರೂ ಮೊದಲ ಸಲಹೆ ಅವಳದೇ.

“ಹಲೋ, ಮುಡಬಿಯಿಂದ ಮಹಾರುದ್ರಪ್ಪ ಮಾತಾಡಾಕತ್ತೇನ್ರಿ,” ಎಂದು ಬೂತಿನಿಂದ ಕೇಳಿಬಂತು. “ದುರ್ಬೀನ್ ಹಾಕಿಸ್ಬೇಕಾಗ್ಯಾದ್ರಿ.”

ಕೇಶರಬಾಯಿ ಬಳೆಯ ವಿಚಾರ ಬಿಟ್ಟು ಕಿವಿ ನಿಮಿರಿಸಿದಳು.

“ಭಾಳ ಹಳೇದ್ರಿ, ಐವತ್ತು ದಾಟ್ಯಾದ. ಒಳಗ ಹೊಲಸು ಕುಂತದೇನೋ ಅಂತ ಎಣ್ಣಿ ಬಿಟ್ಟು ನೋಡೀನಿ, ಏನೂ ಫರಕ್ ಬಿದ್ದಿಲ್ಲ… ತೂತು ಎಷ್ಟು ಹಾಕ್ತೀರಿ?… ನಾಕಾ? ಇಲ್ಲೀತನಾ ಒಂದೂ ತೂತು ಬಿದ್ದಿಲ್ರಿ… ಆಗ್ಲಿ, ತಡಕೋತದ, ಗಟ್ಟಿ ಅದ. ಸಣ್ಣದು ಬ್ಯಾಡ್ರಿ, ನಿಮ್ಮಲ್ಲಿ ಎಲ್ಲಾದಕ್ಕಿಂತ ದೊಡ್ಡದು ಯಾವ್ದದ ಅದನ್ನೇ ಹಾಕ್ರಿ… ಉದ್ದ ಎಷ್ಟಾಗ್ತದ?… ಒಂದು ಫೂಟು ಮ್ಯಾಲ. ಚಲೋ ಆಯ್ತು… ಎರಡು ದಿವಸ ಅಲ್ಲೇ ಬಿಡಬೇಕಾ?… ಮನ್ಯಾಗ ಹೇಳಿಲ್ರಿ, ಹೇಳಿದ್ರ ಅಳ್ತಾಳ.”

ಕೊನೆಯ ಮಾತು ಪೂರಾ ನಿಜ. ಹೆಂಡತಿ ಮೀರಾಬಾಯಿಗೆ ಅವನು ಹೇಳಿರಲಿಲ್ಲ. ಅಡುಗೆಮನೆಯ ಮಾಡು ಸೋರುತ್ತಿರುವಾಗ ಬಂದೂಕಿಗೆ ಶೃಂಗಾರವೇ ಎಂದು ಅವಳು ಕಣ್ಣಲ್ಲಿ ನೀರು ತರುತ್ತಾಳೆ ಎಂಬುದು ಅವನ ಅಂಜಿಕೆ.

ಬಸವಕಲ್ಯಾಣದ ಬಸ್ಸು ಬಂತು, ನಿಂತಿತು, ಹೋಯಿತು. ಕೇಶರಬಾಯಿ ಅದರಲ್ಲಿರಲಿಲ್ಲ. ಮಹಾರುದ್ರಪ್ಪ ದಾರಿಯಲ್ಲಿ ಒಂದೆರಡು ಬಣವೆಗಳಿಗೆ ಶರಣು ಹೇಳಿಕೊಂಡು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಮೀರಾಬಾಯಿ ಬಾಗಿಲಲ್ಲಿ ನಿಂತಿದ್ದಳು.

“ಹೈದ್ರಾಬಾದಿಗೆ ಹೊಂಟೀರಂತ?” ಅಂದಳು.

“ಸಣ್ಣ ಕೆಲಸ ಅದ. ಎರಡು ದಿವಸ,” ಎಂದು ಅವನು ಮುಖ ತಪ್ಪಿಸಿದ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ಮಧ್ಯಾಹ್ನ ತಟ್ಟೆಯಲ್ಲಿ ಮೆಣಸಿನಕಾಯಿ ಇರಲಿಲ್ಲ, ಮೆತ್ತಗಿನ ಅನ್ನ ಮತ್ತು ಮಜ್ಜಿಗೆ ಇತ್ತು. ರೋಗಿಗೆ ರೋಗದ ಹೆಸರು ಹೇಳಬಾರದು ಎಂದು ಕೇಶರಬಾಯಿ ಇಡೀ ಓಣಿಗೆ ತಾಕೀತು ಮಾಡಿದ್ದಳು. ತನ್ನ ರೋಗವನ್ನು ತಾನೇ ಮುಚ್ಚಿಟ್ಟುಕೊಂಡು ನಗುನಗುತ್ತ ತಿರುಗುವ ಗಂಡಸಿನ ಮುಂದೆ ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ.

ಸಂಜೆಯಿಂದ ಜನ ಬರತೊಡಗಿದರು. ಮೋಸಂಬಿ ಬಂತು, ಬಿಸ್ಕೀಟು ಬಂತು, ಗ್ಲೂಕೋಸಿನ ಡಬ್ಬಿ ಬಂತು. ಬಂದವರೆಲ್ಲ ಚಪ್ಪಲಿ ಸದ್ದಾಗದಂತೆ ಬಂದು ಗೋಡೆಗಾತು ಕೂತರು. ದುರ್ಬೀನಿನ ಸುದ್ದಿ ಹೇಗೋ ಹೊರಬಿದ್ದಿದೆ, ಅದಕ್ಕೇ ಊರು ತನಗೆ ಇಷ್ಟು ಮರ್ಯಾದೆ ಕೊಡುತ್ತಿದೆ ಎಂದು ಮಹಾರುದ್ರಪ್ಪ ತಿಳಿದ. ಹಾಗಾದರೆ ಇನ್ನು ಮುಚ್ಚಿಡುವುದೇಕೆ? ಮಾತು ಒಳಮನೆಗೆ ಕೇಳದಷ್ಟು ಸಣ್ಣ ದನಿಯಲ್ಲಿ ಅವನು ಮನಸ್ಸು ಬಿಚ್ಚಿದ.

“ಎಷ್ಟು ದೂರ ಹೋಗ್ಯಾದ್ರಿ?” ಎಂದು ಪಂಚಾಯತಿ ಅಧ್ಯಕ್ಷರು ಮೆಲ್ಲಗೆ ಕೇಳಿದರು. ಅವರು ಕೇಳಿದ್ದು ರೋಗದ ಮಾತು.

“ಐವತ್ತು ಗಜದ ಮ್ಯಾಲ ಹೋದ್ರ ನನ್ನ ಕೈಯಾಗಿಲ್ರಿ.”

ಅಧ್ಯಕ್ಷರಿಗೆ ಕರುಳಿನ ಉದ್ದದ ಬಗ್ಗೆ ಖಚಿತ ತಿಳಿವಳಿಕೆ ಇರಲಿಲ್ಲ. ಗಾಬರಿಯಿಂದ ತಮ್ಮ ಹೊಟ್ಟೆಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡರು.

“ಹೊರಗ ಕಾಣ್ತದೇನ್ರಿ, ಹಾಕಿದ ಮ್ಯಾಲ?” ಎಂದು ಮತ್ತೆ ಕೇಳಿದರು.

“ಕಾಣ್ಲಿ ಅಂತೇ ಹಾಕಿಸೋದು. ಮೆರವಣಿಗಿ ಒಳಗ ಮಂದಿ ನೋಡ್ಬೇಕು,” ಅಂದ ಮಹಾರುದ್ರಪ್ಪ. “ಸಣ್ಣದು ಹಾಕಸ್ರಿ ಅಂತ ಸಂಗಪ್ಪ ಅಂದ. ನಾ ಕೇಳ್ಲಿಲ್ಲ. ಒಂದು ಫೂಟಿಂದೇ ಹಾಕ್ರಿ ಅಂದೀನಿ.”

ಕೇಶರಬಾಯಿಗೆ ಹಾಕಿದ್ದು ಬೆರಳು ಗಾತ್ರದ್ದು, ಅದಕ್ಕೇ ಅವಳು ಕೂಗಿದ ಕೂಗು ದವಾಖಾನೆಯಿಂದ ಆಚೆ ಊರು ನಾರಾಯಣಪುರದವರೆಗೆ ಕೇಳಿಸಿತ್ತು ಎಂದು ಅವಳೇ ಹೇಳಿಕೊಂಡಿದ್ದಳು. ಈ ಮನುಷ್ಯ ಒಂದು ಫೂಟಿನದನ್ನು ಬೇಡಿ ಹಾಕಿಸಿಕೊಳ್ಳುತ್ತೇನೆ ಎಂದು ನಗುತ್ತ ಕೂತಿದ್ದಾನೆ. ಒಬ್ಬ ಮುದುಕ ಎದ್ದು ಬಂದು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅಧ್ಯಕ್ಷರು ಗದ್ಗದಿತರಾಗಿ, “ಟಾಕಿದೇನು ದೊಡ್ಡದು ಬಿಡ್ರಿ, ಇನ್ನೊಂದು ಕೂಡ್ರಸೋಣು,” ಎಂದರು. ಇನ್ನೂ ಹಾಕಿಸಿಯೇ ಇಲ್ಲದ ದುರ್ಬೀನಿಗೆ ಇಷ್ಟು ಶಕ್ತಿ ಇರುವುದನ್ನು ಕಂಡು ಮಹಾರುದ್ರಪ್ಪನಿಗೇ ಮೈ ಜುಮ್ಮೆಂದಿತು.

ಮೂರನೇ ದಿನ ಮೀರಾಬಾಯಿಯ ತಮ್ಮ ಓಂಪ್ರಕಾಶ ಹುಮನಾಬಾದಿನಿಂದ ಜೀಪು ತಂದ. ಹೈದರಾಬಾದಿಗೆ ತಾನೇ ಕರೆದೊಯ್ಯುವೆನೆಂದು ಭಾವನಿಗೆ ಹೇಳಿದ. ಮೊದಲು ಹುಮನಾಬಾದಿನಲ್ಲಿ ಡಾಕ್ಟರ್ ಭುವನೇಶ್ವರಿಯವರಿಗೆ ತೋರಿಸೋಣ ಎಂದು ಅಕ್ಕನಿಗೆ ಮಾತ್ರ ಹೇಳಿದ. ಮಹಾರುದ್ರಪ್ಪ ಒಳಗೆ ಹೋಗಿ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಂದ.

“ಅಲ್ಲಿಗೆ ಅದ್ಯಾಕ ಭಾವಾ?”

“ಅದಿಲ್ದ ಹ್ಯಾಂಗ ಹಾಕ್ತಾರೋ?”

ಓಂಪ್ರಕಾಶ ಅಕ್ಕನ ಮುಖ ನೋಡಿದ. ಮೀರಾಬಾಯಿ ಬಿಕ್ಕುತ್ತ, “ಇರ್ಲಿ ಬಿಡೋ. ಅವರಪ್ಪ ಕೊಟ್ಟದ್ದು, ಜೋಡಿಗಿದ್ರ ಅವರಿಗೆ ಧೈರ್ಯ,” ಅಂದಳು. ಅವಳೂ ಜೀಪು ಹತ್ತಿ ಕೂತಳು. ಊರೆಲ್ಲ ಕೂಡಿ ಜೀಪಿಗೆ ಕೈ ಮುಗಿಯಿತು. ಅಷ್ಟು ಜನ ಯಾರು ಯಾರು ಎಂದು ಅವನಿಗೆ ಕಾಣಲಿಲ್ಲ, ಆದರೂ ಗಾಂಭೀರ್ಯದಿಂದ ಎಲ್ಲ ದಿಕ್ಕಿಗೂ ಕೈ ಬೀಸಿದ.

ಹುಮನಾಬಾದಿನಲ್ಲಿ ದವಾಖಾನೆಯ ಮುಂದೆ ಜೀಪು ನಿಂತಾಗ, ಹೈದರಾಬಾದಿನ ಅಂಗಡಿಯವರದೇ ಇಲ್ಲೊಂದು ಶಾಖೆ ಇರಬೇಕೆಂದು ಅವನು ಒಳಗೆ ನಡೆದ. ಬಿಳಿ ಬಟ್ಟೆಯ ಹೆಣ್ಣುಮಗಳೊಬ್ಬಳು ಮೇಜಿನ ಹಿಂದೆ ಕೂತಿದ್ದಳು. ಹೆಣ್ಣುಮಕ್ಕಳು ಈ ಧಂಧೆಗೂ ಬಂದರಲ್ಲ ಎಂದು ಅವನಿಗೆ ಮೆಚ್ಚುಗೆಯಾಯಿತು.

“ಆ ಮಂಚದ ಮ್ಯಾಲ ಮಲಗಸ್ರಿ, ನೋಡೋಣು,” ಎಂದು ಡಾಕ್ಟರರು ಓಂಪ್ರಕಾಶನಿಗೆ ಹೇಳಿದರು.

ಮಹಾರುದ್ರಪ್ಪ ಕಂಬಳಿ ಬಿಚ್ಚಿ ಬಂದೂಕನ್ನು ಮಂಚದ ಮೇಲೆ ಅಂಗಾತ ಮಲಗಿಸಿದ. ಹಿಡಿಕೆಯ ಕೆಳಗೆ ದಿಂಬನ್ನೂ ಸರಿಸಿದ.

ಭುವನೇಶ್ವರಿಯವರು ಆ ಸೀಮೆಯಲ್ಲೇ ಹುಟ್ಟಿ ಬೆಳೆದವರು. ಬಂದೂಕು ನೋಡಿದರು, ಅವನನ್ನು ನೋಡಿದರು, ಬಾಗಿಲಲ್ಲಿ ಅಳುತ್ತಿದ್ದ ಮೀರಾಬಾಯಿಯನ್ನು ನೋಡಿದರು.

“ಇದಕ್ಕ ಏನು ತ್ರಾಸದರಿ?”

“ದೂರದ್ದು ಹೊಡೆಯಂಗಿಲ್ರೀ ತಾಯಿ. ದುರ್ಬೀನ್ ಹಾಕಿಕೊಡ್ರಿ. ಹನ್ನೆರಡು ಪಟ್ಟಿಂದು.”

ಬಾಗಿಲಲ್ಲಿ ಅಳು ನಿಂತಿತು. ಓಂಪ್ರಕಾಶ ಗೋಡೆ ಹಿಡಿದುಕೊಂಡ. ಮೂರು ದಿನದ ಮೋಸಂಬಿ, ಗ್ಲೂಕೋಸು, ಮೆತ್ತಗಿನ ಅನ್ನ ಎಲ್ಲವೂ ಮೀರಾಬಾಯಿಯ ಕಣ್ಣ ಮುಂದೆ ಒಮ್ಮೆಲೇ ಹಾದುಹೋದವು. ಡಾಕ್ಟರರು ಮಾತ್ರ ನಗಲಿಲ್ಲ. ಗೋಡೆಯ ಕಡೆ ಬೆರಳು ತೋರಿಸಿ, “ಅಲ್ಲಿ ಏನು ಕಾಣ್ತದರಿ?” ಎಂದು ಕೇಳಿದರು.

ಮಹಾರುದ್ರಪ್ಪ ನೋಡಿ ಭಕ್ತಿಯಿಂದ ಕೈ ಮುಗಿದ. “ಗಣಪತಿ.”

ಅದು ಪೋಲಿಯೋ ಹನಿ ಕುಡಿಯುತ್ತಿರುವ ದುಂಡಗಿನ ಕೂಸಿನ ಚಿತ್ರ.

“ರಸ್ತೆ ದಾಟಿದ್ರ ಮೊಹಿನುದ್ದೀನ್ ಅವರ ಚಶ್ಮಾ ಅಂಗಡಿ ಅದ,” ಅಂದರು ಡಾಕ್ಟರರು. “ದುರ್ಬೀನ್ ಅವರ ಹತ್ತರ ಸಿಗ್ತದ. ಇದು ಮಾತ್ರ ಇಲ್ಲೇ ಮಲಗಿರ್ಲಿ ಬಿಡ್ರಿ.”

ಮುದುಕ ಮೊಹಿನುದ್ದೀನ್ ಅವನನ್ನು ಕುರ್ಚಿಯಲ್ಲಿ ಕೂಡಿಸಿ, ಕಬ್ಬಿಣದ ಚೌಕಟ್ಟೊಂದನ್ನು ಮೂಗಿನ ಮೇಲಿಟ್ಟು, ಬಿಲ್ಲೆಯಂಥ ಗಾಜುಗಳನ್ನು ಒಂದೊಂದಾಗಿ ಹಾಕಿ ತೆಗೆಯುತ್ತ ಕೂತ. ಮಹಾರುದ್ರಪ್ಪನಿಗೆ ಅವಮಾನವಾಯಿತು. ಬೀಜದ ಪಾಕೀಟಿನ ಅಕ್ಷರ ಬರಿಗಣ್ಣಿಗೆ ಕಾಣುತ್ತದೆ ಎಂದು ಎರಡು ಸಲ ಹೇಳಿದ.

“ಅದಕ್ಕೇರಿ ಸಾವ್ಕಾರ್ರ. ನಿಮ್ಮ ನಜರ್ ಮೂಗಿನ ಮುಂದ ಬಾದಶಾ, ಅದರಾಚಿಗೆ ಫಕೀರ. ಹುಟ್ಟಿದಾಗಿಂದ ಹಿಂಗೇ ಇರ್ಬೇಕು, ನಿಮಗ ಗೊತ್ತಿಲ್ಲ. ಬಂದೂಕಿಗೆ ನಂಬರ್ ಇಲ್ರಿ, ನಂಬರ್ ನಿಮಗದ. ಮೈನಸ್ ಮೂರೂವರಿ.”

“ಪಟ್ಟು ಎಷ್ಟು ಅಂತ ಹೇಳು.”

“ಪಟ್ಟು ಗಿಟ್ಟು ಇಲ್ರಿ. ಇದ್ದದ್ದು ಇದ್ದಂಗ ಕಾಣ್ತದ. ಎಲ್ಲಾ ಕೆಲಸಕ್ಕೂ ಇದೇ. ಹಂದಿಗೂ ಆಗ್ತದ, ಮಂದಿಗೂ ಆಗ್ತದ.” ಮೊಹಿನುದ್ದೀನ್ ಕೊನೆಯ ಗಾಜು ಕೂಡಿಸಿ ಅವನ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದ. “ಈಗ ಹೊರಗ ನೋಡ್ರಿ.”

ಮಹಾರುದ್ರಪ್ಪ ನೋಡಿದ.

ರಸ್ತೆಯಾಚೆ ಒಂದು ಬೇವಿನ ಮರವಿತ್ತು. ಅವನ ಲೆಕ್ಕದಲ್ಲಿ ದೂರದ ಮರ ಎಂದರೆ ಹಸಿರು ಮುದ್ದೆ, ಎಲೆ ಇರುವುದು ಹತ್ತಿರ ಹೋದಾಗ ಮಾತ್ರ. ಈ ಮರಕ್ಕೆ ಇಲ್ಲಿಂದಲೇ ಎಲೆಗಳಿದ್ದವು. ಒಂದೊಂದು ಎಲೆಯೂ ಬೇರೆ ಬೇರೆ ಅಲುಗುತ್ತಿತ್ತು. ಕೊಂಬೆಯ ಮೇಲೆ ಕಾಗೆ, ಕಾಗೆಗೆ ಕೊಕ್ಕು, ಕೊಕ್ಕಿನಲ್ಲಿ ರೊಟ್ಟಿಯ ತುಣುಕು. ಕಂಬದಿಂದ ಕಂಬಕ್ಕೆ ತಂತಿಗಳು ಹೋಗಿದ್ದವು, ಅಲ್ಲಿಯವರೆಗೆ ಅವನು ಕಂಬಗಳನ್ನು ಸುಮ್ಮನೆ ನೆಟ್ಟಿದ್ದಾರೆಂದು ತಿಳಿದಿದ್ದ. ದೂರದಿಂದ ಬರುತ್ತಿದ್ದ ಬಸ್ಸಿನ ಹಣೆಯ ಮೇಲಿನ ಬರಹವನ್ನು ಅದು ನಿಲ್ಲುವ ಮೊದಲೇ ಓದಿದ. ಇಷ್ಟೆಲ್ಲ ಇತ್ತೇ, ಎಲ್ಲರಿಗೂ ಇದು ದಿನಾ ಕಾಣುತ್ತದೆಯೇ, ಹಾಗಿದ್ದರೂ ಜನ ಇದನ್ನು ಬಿಟ್ಟು ಬೇರೆ ಮಾತು ಹೇಗೆ ಆ‌ಡುತ್ತಾರೆ ಎಂದು ಅವನಿಗೆ ದೊಡ್ಡ ಬೆರಗಾಯಿತು.

ಆಮೇಲೆ ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದ ಮೀರಾಬಾಯಿ ಕಂಡಳು.

ಮೂವತ್ತು ವರ್ಷ ಅವಳನ್ನು ಅವನು ಹತ್ತಿರದಿಂದಲೇ ನೋಡಿದ್ದ. ತಾನು ದೂರವಿದ್ದಾಗ ಅವಳ ಮುಖ ಹೇಗಿರುತ್ತದೆ ಎಂಬುದನ್ನು ನೋಡಿಯೇ ಇರಲಿಲ್ಲ. ಅತ್ತು ಅತ್ತು ಕಣ್ಣು ಊದಿತ್ತು. ಅವಳು ಚಶ್ಮಾ ಅಂಗಡಿಯ ಬಾಗಿಲನ್ನೇ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವನು ಹೊರಬಂದದ್ದು ಕಂಡ ಕೂಡಲೇ ಕಣ್ಣೊರೆಸಿ, ತುಟಿ ಬಿಗಿದು, ಸಿಟ್ಟಿನ ಮುಖ ಮಾಡಿಕೊಂಡಳು. ಅವನಿಗೆ ಎಂದೂ ಗೊತ್ತಿದ್ದದ್ದು ಈ ಎರಡನೆಯ ಮುಖ ಒಂದೇ.

ಮೂಗಿನ ಮೇಲಿನ ಆ ಚೌಕಟ್ಟಿನೊಡನೆಯೇ ರಸ್ತೆ ದಾಟಿ ಬಂದು, “ನೀ ಹಿಂಗ ನೋಡ್ತೀಯೇನು ನಾ ಹೋದಾಗ?” ಎಂದು ಕೇಳಿದ.

“ಹ್ಯಾಂಗ?” ಅಂದಳು ಮೀರಾಬಾಯಿ.

ಅವನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತ.

ಚಶ್ಮಾ ಏರಿಸಿಕೊಂಡು ಬಂದ ಬಂದೂಕಿನವರನ್ನು ನೋಡಿ ಮುಡಬಿಗೆ ಸಂತೋಷವಾಯಿತು, ಸ್ವಲ್ಪ ನಿರಾಶೆಯೂ ಆಯಿತು. ಅಧ್ಯಕ್ಷರು ಟಾಕಿಯ ವಿಷಯದಲ್ಲಿ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಚಶ್ಮಾ ಕೂಡ ಒಂದು ನಮೂನೆ ದುರ್ಬೀನೇ, ಹಾಗಾಗಿ ತಾನು ಹೇಳಿದ್ದರಲ್ಲಿ ತಪ್ಪಿಲ್ಲ ಎಂದು ಕೇಶರಬಾಯಿ ಮನೆ ಮನೆಗೆ ಹೋಗಿ ತಿಳಿಸಿದಳು. ಹದಿನೈದನೇ ತಾರೀಖು ಅರ್ಧ ಊರು ಎರಡು ಟ್ರ್ಯಾಕ್ಟರಿನಲ್ಲಿ ಹುಮನಾಬಾದಿನ ಮೈದಾನಕ್ಕೆ ಹೋಯಿತು.

ಇನ್‌ಸ್ಪೆಕ್ಟರ್ ಸಾಹೇಬರು ಒಳ್ಳೆಯ ಮನುಷ್ಯ. ಮಣ್ಣಿನ ದಿಬ್ಬದ ಮುಂದೆ ಗಡಿಗೆ ಇಡಿಸಿ, “ಅವಸರ ಮಾಡಬ್ಯಾಡ್ರಿ ಸಾವ್ಕಾರ್ರ, ಸಾವಕಾಶ ಹೊಡೀರಿ,” ಅಂದರು.

ಮಹಾರುದ್ರಪ್ಪನಿಗೆ ಗಡಿಗೆ ಚೊಕ್ಕವಾಗಿ ಕಾಣುತ್ತಿತ್ತು. ಕುಂಬಾರನ ಬೆರಳ ಗೆರೆ ಕೂಡ ಕಾಣುತ್ತಿದೆ ಎಂದು ಹತ್ತಿರದ ಪೊಲೀಸನಿಗೆ ಹೇಳಿದ. ಬಂದೂಕು ಎತ್ತಿದ, ಹೊಡೆದ. ಗಡಿಗೆಯ ಬಲಕ್ಕೆ ಮಾರುದೂರ ಮಣ್ಣು ಎದ್ದಿತು. ಎರಡನೆಯದಕ್ಕೆ ಎಡಕ್ಕೆ ಎದ್ದಿತು. ಮೂರನೆಯದು ಎಲ್ಲಿ ಹೋಯಿತೋ ಇಂದಿಗೂ ತಿಳಿದಿಲ್ಲ. ನಾಲ್ಕನೆಯ ಗುಂಡಿಗೆ ಟ್ರ್ಯಾಕ್ಟರಿನ ಮೇಲಿನವರೆಲ್ಲ ಕೆಳಗಿಳಿದು ಟ್ರ್ಯಾಕ್ಟರಿನ ಹಿಂದೆ ನಿಂತರು.

ಒಂದೇ ಗುಂಡು ಉಳಿಯಿತು. ಚಶ್ಮಾ ಹಾಕಿದ್ದಾಯಿತು, ಗಡಿಗೆ ಕಾಣುತ್ತಿದ್ದದ್ದೂ ಆಯಿತು, ಇನ್ನು ದೂರಲು ಏನೂ ಉಳಿದಿರಲಿಲ್ಲ. ಪೊಲೀಸನೊಬ್ಬ ಬಂದೂಕು ಜಮಾ ಮಾಡಿಕೊಳ್ಳುವ ಪುಸ್ತಕದ ಹಾಳೆ ತಿರುವಿ ಪೆನ್ನಿನ ಮುಚ್ಚಳ ತೆಗೆದ.

ಆಗ ಜನರ ನಡುವಿನಿಂದ ಮೀರಾಬಾಯಿ ಮುಂದೆ ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, “ಸಾಹೇಬ್ರ, ಒಂದು ಮಾತದರಿ,” ಅಂದಳು. “ಅವರು ಹೊಡೆಯೋ ಮುಂದ ಎರಡೂ ಕಣ್ಣ ಮುಚ್ಚತಾರ್ರಿ.”

ಮಹಾರುದ್ರಪ್ಪ ಹೆಂಡತಿಯನ್ನು ನೋಡಿದ. ಅಪ್ಪ ಕಲಿಸಿದ್ದೇ ಹಾಗೆ. ಬಂದೂಕು ಎತ್ತು, ಕಣ್ಣು ಮುಚ್ಚು, ಶಿವನನ್ನು ನೆನೆ, ಕುದುರೆ ಎಳೆ. ಅಪ್ಪನಿಗೆ ಅಜ್ಜ ಕಲಿಸಿದ್ದೂ ಅದೇ. ಕಣ್ಣು ತೆರೆದು ಹೊಡೆಯುವ ಜನರೂ ಇದ್ದಾರೆಂಬುದು ಅವನ ತಲೆಗೆ ಹೊಳೆದಿರಲೇ ಇಲ್ಲ.

“ನಿಮಗ ಯಾವಾಗಿಂದ ಗೊತ್ತು?” ಎಂದು ಸಾಹೇಬರು ಕೇಳಿದರು.

“ಲಗ್ನ ಆದಾಗಿಂದ್ರಿ. ಆಕಾಶಕ್ಕ ಹೊಡೆಯಾಕ ಕಣ್ಣ ಯಾಕ ಬೇಕಂತ ಸುಮ್ಮಿದ್ದೆ.”

ಸಾಹೇಬರು ಟೋಪಿ ತೆಗೆದು ತಲೆ ಒರೆಸಿಕೊಂಡರು. “ಹೋಗ್ರಿ, ಬಾಜೂಕ ನಿಂದರ್ರಿ. ಮುಚ್ಚಿದ್ರ ಹೇಳ್ರಿ.”

ಮೀರಾಬಾಯಿ ಗಂಡನ ಪಕ್ಕ ಹೋಗಿ ನಿಂತಳು. ಅವನು ಬಂದೂಕು ಎತ್ತಿದ. ರೆಪ್ಪೆ ತಾನಾಗಿಯೇ ಕೆಳಗಿಳಿಯಿತು.

“ಕಣ್ಣ,” ಅಂದಳು ಅವಳು.

ತೆರೆದ. ಬೆರಳು ಕುದುರೆಗೆ ಹೋಯಿತು, ರೆಪ್ಪೆ ಮತ್ತೆ ಇಳಿಯಿತು.

“ಕಣ್ಣ ತೆರೀರಿ. ನಾ ಇಲ್ಲೇ ಇದ್ದೀನಿ.”

ಅವನು ಕಣ್ಣು ಬಿಟ್ಟುಕೊಂಡೇ ಕುದುರೆ ಎಳೆದ.

ಗಡಿಗೆ ಇದ್ದ ಜಾಗದಲ್ಲಿ ಗಡಿಗೆ ಇರಲಿಲ್ಲ. ಅದರೊಳಗಿನ ನೀರು ಮಾತ್ರ ಒಂದು ಗಳಿಗೆ ಗಡಿಗೆಯ ಆಕಾರದಲ್ಲೇ ಗಾಳಿಯಲ್ಲಿ ನಿಂತಿತ್ತು, ಆಮೇಲೆ ಬಿಸಿಲಿಗೆ ಮಿಂಚಿ ಚೂರುಚೂರಾಗಿ ಕೆಳಗೆ ಬಿತ್ತು. ಒಂದೊಂದು ಹನಿಯೂ ಅವನಿಗೆ ಕಂಡಿತು. ಹಿಂದೆ ಜನ ಚಪ್ಪಾಳೆ ತಟ್ಟಿದರು, ಅಧ್ಯಕ್ಷರು ಕೂಡ ತಟ್ಟಿದರು. ಪೊಲೀಸನು ಪೆನ್ನಿನ ಮುಚ್ಚಳ ಹಾಕಿದ. ಸಾಹೇಬರು ಕಾಗದಕ್ಕೆ ಸಹಿ ಮಾಡಿ, ಬಂದೂಕು ಇನ್ನು ನಿಮ್ಮದೇ, ಮನೆಗೆ ಒಯ್ಯಿರಿ ಎಂದರು.

ಮಹಾರುದ್ರಪ್ಪ ಸಹಿಯನ್ನು ನೋಡಲಿಲ್ಲ. ನಡೆದು ಹೋಗಿ ಗಡಿಗೆ ಇದ್ದ ಕಡೆ ಕುಕ್ಕರಗಾಲಲ್ಲಿ ಕೂತು, ಒದ್ದೆ ಮಣ್ಣಿನಿಂದ ಅಂಗೈಯಗಲದ ಒಂದು ಚೂರನ್ನು ಎತ್ತಿಕೊಂಡ. ಅದರ ಮುರಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಸಾಹೇಬರು ಹಿಂದಿನಿಂದ ಬಂದು, “ಇನ್ನ ಹಂದಿಗೂ ಗುರಿ ಇಟ್ಟು ಹೊಡೀಬಹುದು ನೋಡ್ರಿ,” ಎಂದು ನಕ್ಕರು.

“ಇಲ್ರಿ ಸಾಹೇಬ್ರ,” ಅಂದ ಮಹಾರುದ್ರಪ್ಪ. “ಆಕಾಶಕ್ಕೇ ಹೊಡೀತೀನಿ. ಕಣ್ಣ ತೆರೆದು ಹೊಡೀತೀನಿ.”

ಮೀರಾಬಾಯಿ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು ಅವನ ಹತ್ತಿರ ಬಂದಳು. ಅವನು ಅದನ್ನು ಕೂಡಲೇ ತೆಗೆದುಕೊಳ್ಳಲಿಲ್ಲ, ಕೈಯಲ್ಲಿದ್ದ ಚೂರನ್ನು ಅವಳಿಗೆ ತೋರಿಸಿದ.

“ಹುಟ್ಟಿದಾಗಿಂದ ಈ ಬಂದೂಕಿನ ಬಾಜೂಕೇ ಮಲಗೀನಿ,” ಅಂದ. “ಇದು ಖರೇನೇ ಹೊಡೀತದ, ಮೀರಾ.”